ಉತ್ತರ ಸಿಕ್ಕಿತು, ಆದರೆ ಅದೇ ಯಾಕೆ? ಗೂಢ ಪದಬಂಧದ ಸುಳಿವು ಬಿಡಿಸುವ ಬಗ್ಗೆ

ಮೊದಲಮನೆ

ಮಾಮೂಲಿ ಪದಬಂಧ ಬಿಡಿಸಿ ಅಭ್ಯಾಸ ಇದೆ. ಸುಳಿವಿನಲ್ಲೇ ಒಗಟು ಅಡಗಿರುವ ಗೂಢ ಪದಬಂಧಕ್ಕೆ ಕೈ ಹಾಕಿದ್ದು ಈಚೆಗೆ. ಒಂದು ಸುಳಿವು ತಲೆ ತಿನ್ನುತ್ತಿದೆ (ಕಂಸದಲ್ಲಿರುವುದು ಉತ್ತರದ ಮನೆಗಳ ಸಂಖ್ಯೆ):

ಚೆಲ್ಲಾಪಿಲ್ಲಿಯಾದ ಮಾನವರ ಆದಾಯ (4)

ಅಡ್ಡ ಹಾಯುವ ಪದಗಳಿಂದ ಎರಡನೇ ಮನೆಯ ‘ರ’, ಕೊನೆಯ ಮನೆಯ ‘ನ’ ಸಿಕ್ಕಿದ್ದವು. ಆದಾಯ ಅಂತ ಬೇರೆ ಇದೆ. ‘ವರಮಾನ’ ಅಂತ ಬರೆದೆ. ಸರಿಯೂ ಆಯಿತು. ಆದರೆ ಈ ಮಾನವರು ಯಾರು? ಯಾಕೆ ಚೆಲ್ಲಾಪಿಲ್ಲಿಯಾದರು? ಅವರಿಗೂ ವರಮಾನಕ್ಕೂ ಏನು ಸಂಬಂಧ? ಉತ್ತರ ಬರೆದರೂ ಬಿಡಿಸಿದ ಸಮಾಧಾನವೇ ಇಲ್ಲ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಅಡ್ಡಸಾಲು

ನಿಮಗೆ ಸಮಾಧಾನ ಆಗದೇ ಇದ್ದದ್ದು ಸರಿಯಾಗೇ ಇದೆ. ಗೂಢ ಸುಳಿವಿನಲ್ಲಿ ಉತ್ತರ ಅರ್ಧ ಕೆಲಸ. ಅದೇ ಉತ್ತರ ಯಾಕೆ ಅಂತ ಒಂದೊಂದು ಅಕ್ಷರಕ್ಕೂ ಲೆಕ್ಕ ಕೊಟ್ಟಾಗ ಉಳಿದರ್ಧ ಮುಗಿಯುತ್ತದೆ.

ಮಾನವರನ್ನು ಮರೆತುಬಿಡಿ. ‘ಮಾನವರ’ ಅನ್ನುವುದನ್ನು ಸುಮ್ನೆ ನಾಲ್ಕು ಅಕ್ಷರ ಅಂತ ನೋಡಿ. ಮಾ, ನ, ವ, ರ. ಇವನ್ನು ಚೆಲ್ಲಾಪಿಲ್ಲಿ ಮಾಡಿ ಬೇರೆ ಸಾಲಿನಲ್ಲಿ ಇಡಿ. ವ, ರ, ಮಾ, ನ. ಬಂತಲ್ಲ?

ಹಾಗಾಗಿ ಸುಳಿವಿನಲ್ಲಿ ಎರಡು ಭಾಗ ಇವೆ. ‘ಆದಾಯ’ ಅನ್ನುವುದು ನೇರ ಅರ್ಥ. ‘ಚೆಲ್ಲಾಪಿಲ್ಲಿಯಾದ ಮಾನವರ’ ಅನ್ನುವುದು ಪದದಾಟ. ಎರಡೂ ಬೇರೆ ಬೇರೆ ದಾರಿ ಹಿಡಿದು ಒಂದೇ ಪದಕ್ಕೆ ಬರುತ್ತವೆ. ಮೇಲೆ ಕಾಣುವ ವಾಕ್ಯ, ಅಂದರೆ ಚದುರಿಹೋದ ಜನರ ಸಂಪಾದನೆಯ ಚಿತ್ರ, ಬರೀ ಪರದೆ. ಅದರ ಹಿಂದೆ ನೋಡಬೇಕು.

ಮೊದಲಮನೆ

ಅಯ್ಯೋ, ಎಷ್ಟು ಚೆನ್ನಾಗಿದೆ! ಮಾನವರ, ವರಮಾನ. ಒಂದೇ ನಾಲ್ಕು ಅಕ್ಷರ ಅಂತ ಇಷ್ಟು ವರ್ಷ ಗಮನಿಸೇ ಇರಲಿಲ್ಲ.

ಆದರೆ ಯಾವುದು ಅರ್ಥ, ಯಾವುದು ಆಟ ಅಂತ ಮೊದಲೇ ಗೊತ್ತಾಗುವುದು ಹೇಗೆ?

ಲಘುಗುರು

ಮೊದಲೇ ಗೊತ್ತಾಗುವುದಿಲ್ಲ. ಆದರೆ ಹುಡುಕುವ ಜಾಗ ಚಿಕ್ಕದು. ಅರ್ಥ ಹೇಳುವ ಭಾಗ ಸುಳಿವಿನ ಶುರುವಿನಲ್ಲಿ ಇರುತ್ತದೆ, ಇಲ್ಲವೇ ಕೊನೆಯಲ್ಲಿ ಇರುತ್ತದೆ. ನಡುವೆ ಇರುವುದಿಲ್ಲ. ನಾನು ಮೊದಲ ಪದವನ್ನೂ ಕೊನೆಯ ಪದವನ್ನೂ ಒಂದೊಂದಾಗಿ ಅರ್ಥ ಅಂದುಕೊಂಡು ನೋಡುತ್ತೇನೆ. ಆಮೇಲೆ ಉಳಿದ ಭಾಗದಲ್ಲಿ ಏನಾದರೂ ಮಾಡು ಅನ್ನುವ ಪದ ಇದೆಯಾ ಅಂತ ಹುಡುಕುತ್ತೇನೆ. ಚೆದುರು, ತಿರುಗು, ಅಡಗು, ನುಂಗು, ಕಳೆ, ಕೂಡು. ಇವು ಅಪ್ಪಣೆಯ ಪದಗಳು.

ಕೈ ಪಳಗಿಸಿಕೊಳ್ಳಲು ಮೂರು ಸುಳಿವು:

ಬಹಳ ದಿನದೊಳಗೆ ಕಂಡ ಬಣ್ಣ (3)

ಹೊಳೆ ಹಿಂದಕ್ಕೆ ಹರಿದರೆ ಇಪ್ಪತ್ತನಾಲ್ಕು ತಾಸು (2)

ಕಪ್ಪು ಆನೆ (2)

ಮೊದಲಮನೆ

ಮೊದಲನೆಯದು ನೋಡ್ತಾ ಇದ್ದ ಹಾಗೇ ಕಂಡಿತು! ಬ-ಹಳದಿ-ನ. ಹಳದಿ ಅಲ್ಲೇ ಕೂತಿದೆ. ‘ಒಳಗೆ’ ಅನ್ನುವುದು ಅಪ್ಪಣೆ, ‘ಬಣ್ಣ’ ಅರ್ಥ.

ಎರಡನೆಯದು ‘ದಿನ’. ಹೊಳೆ ಅಂದರೆ ನದಿ, ಹಿಂದಕ್ಕೆ ಓದಿದರೆ ದಿನ.

ಮೂರನೆಯದರಲ್ಲಿ ಅಪ್ಪಣೆಯ ಪದವೇ ಕಾಣಿಸುತ್ತಿಲ್ಲ.

ಅಡ್ಡಸಾಲು

ಅದರಲ್ಲಿ ಅಪ್ಪಣೆ ಇಲ್ಲವೇ ಇಲ್ಲ. ಎರಡೂ ಅರ್ಥವೇ. ಕಪ್ಪು ಅಂದರೆ ಕರಿ. ಆನೆ ಅಂದರೂ ಕರಿ. ಇಷ್ಟು ಚಿಕ್ಕ ಸುಳಿವು ಕಂಡರೆ ಮೊದಲು ಎರಡು ಅರ್ಥದ ಪದ ಇರಬಹುದಾ ಅಂತ ನೋಡಿ. ನಮ್ಮಲ್ಲಿ ಇಂಥವು ಜಾಸ್ತಿ. ಕಾಡು, ಹೊತ್ತು, ನೆನೆ, ಬೇಡ. ‘ಬೇಡ’ ಅನ್ನುವುದರಲ್ಲಿ ಬೇಟೆಗಾರನೂ ಇದ್ದಾನೆ, ಒಲ್ಲೆ ಅನ್ನುವ ಮಾತೂ ಇದೆ.

ಬಾಲಂಗೋಚಿ

ಒಂದು ತಕರಾರು ಎತ್ತಬೇಕು. ಹೊಸಬರಿಗೆ ಇದೇ ಜಾಗದಲ್ಲಿ ಕಾಲು ಜಾರುತ್ತದೆ, ಅದಕ್ಕೆ ಹೇಳುತ್ತಿದ್ದೇನೆ.

‘ವರಮಾನ’ಕ್ಕೇ ಇನ್ನೊಂದು ಸುಳಿವು ನೋಡಿದ್ದೇನೆ:

ಮದುಮಗನ ಮರ್ಯಾದೆಯೇ ಆದಾಯ (4)

ಮದುಮಗ ಅಂದರೆ ವರ, ಮರ್ಯಾದೆ ಅಂದರೆ ಮಾನ. ಕೂಡಿಸಿದರೆ ವರಮಾನ. ಸರಿ. ಆದರೆ ‘ಮದುಮಗನ’ ಅನ್ನುವುದರ ‘ನ’ ಎಲ್ಲಿ ಹೋಯಿತು? ‘ಮರ್ಯಾದೆಯೇ’ ಅನ್ನುವುದರ ‘ಯೇ’ ಎಲ್ಲಿ ಹೋಯಿತು? ಮೊದಲನೇ ಸುಳಿವಿನಲ್ಲಿ ‘ಮಾನವರ’ ಅನ್ನುವುದರ ‘ರ’ ಬೇಕೇ ಬೇಕು. ಅದಿಲ್ಲದಿದ್ದರೆ ಉತ್ತರವೇ ಇಲ್ಲ. ಒಂದು ಕಡೆ ಪ್ರತ್ಯಯ ಲೆಕ್ಕಕ್ಕಿದೆ, ಇನ್ನೊಂದು ಕಡೆ ಇಲ್ಲ. ಬಿಡಿಸುವವರಿಗೆ ಇದು ಅನ್ಯಾಯ ಅಲ್ವಾ?

ಇಂಗ್ಲಿಷ್‌ನಲ್ಲಿ ಈ ಕಷ್ಟ ಕಡಿಮೆ. ಅಲ್ಲಿ ಇನ್, ಆಫ್, ಫ್ರಮ್ ಎಲ್ಲ ಬೇರೆ ಬೇರೆ ಪದಗಳು. ಬೇಕಾದರೆ ಇಟ್ಟುಕೊಳ್ಳಬಹುದು, ಬೇಡವಾದರೆ ಬಿಡಬಹುದು. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಂಡು ಬರುತ್ತದೆ. ಕೀಳಲು ಹೋದರೆ ಪದದ ಚರ್ಮವೇ ಕಿತ್ತು ಬರುತ್ತದೆ.

ಲಘುಗುರು

ಒಳ್ಳೆಯ ಪ್ರಶ್ನೆ. ನಾನು ಇದಕ್ಕೆ ಒಂದು ನಿಯಮ ಇಟ್ಟುಕೊಂಡಿದ್ದೇನೆ.

ಸುಳಿವಿನಲ್ಲಿ ಅಚ್ಚಾದ ಅಕ್ಷರಗಳೇ ಸಾಮಗ್ರಿಯಾದರೆ, ಪ್ರತ್ಯಯವೂ ಸೇರಿ ಇದ್ದದ್ದು ಇದ್ದ ಹಾಗೇ ಲೆಕ್ಕ. ಚೆಲ್ಲಾಪಿಲ್ಲಿ ಮಾಡುವ ಸುಳಿವು, ಅಡಗಿಸುವ ಸುಳಿವು ಎರಡೂ ಹೀಗೆ. ‘ಮಾನವರ’ ಅಂದರೆ ಆ ನಾಲ್ಕು ಅಕ್ಷರ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ಪದದ ಬದಲು ಅದರ ಅರ್ಥದ ಇನ್ನೊಂದು ಪದ ತರಬೇಕಾದರೆ, ಪ್ರತ್ಯಯ ಎರಡು ತುಂಡುಗಳ ನಡುವಿನ ಬೆಸುಗೆ. ಮದುಮಗನಿಂದ ವರ ಬರುತ್ತಾನೆ. ‘ನ’ ಬೆಸುಗೆಯ ಕೆಲಸ ಮುಗಿಸಿ ಕರಗುತ್ತದೆ.

ಬಾಲಂಗೋಚಿ

ಷಷ್ಠಿ ವಿಭಕ್ತಿಯ ಮಟ್ಟಿಗೆ ಒಪ್ಪಿದೆ. ಮದುಮಗನ ಮರ್ಯಾದೆ ಅಂದರೆ ಒಂದಕ್ಕೊಂದು ಅಂಟಿಕೊಂಡಿದೆ ಅನ್ನುವ ಸೂಚನೆಯೇ ಆಯಿತು. ಆದರೆ ಅರ್ಥ ಹೇಳುವ ಭಾಗಕ್ಕೆ ಪ್ರತ್ಯಯ ಅಂಟಿದರೆ ಬಿಡಬಾರದು. ಈ ಸುಳಿವು ನೋಡಿ:

ರಾಜನನ್ನು ಹುಡುಕು (3)

ಉತ್ತರ ‘ಅರಸು’. ಅರಸು ಅಂದರೆ ರಾಜ, ಅರಸು ಅಂದರೆ ಹುಡುಕು. ಎರಡರ್ಥದ ಮುದ್ದಾದ ಪದ. ಆದರೆ ‘ರಾಜನನ್ನು’ ಅಂದರೆ ‘ಅರಸನ್ನು’ ಆಗುತ್ತದೆಯೇ ಹೊರತು ‘ಅರಸು’ ಆಗುವುದಿಲ್ಲ. ಸುಳಿವು ಹೇಳುವುದೇ ಒಂದು, ಉತ್ತರವೇ ಇನ್ನೊಂದು.

1949ರಲ್ಲಿ ‘ಆಫ್ರಿಟ್’ ಅನ್ನುವ ಹೆಸರಿನಲ್ಲಿ ಸುಳಿವು ಕಟ್ಟುತ್ತಿದ್ದ ಎ. ಎಫ್. ರಿಚಿ ಒಂದು ಮಾತು ಬರೆದಿಟ್ಟರು. ಸುಳಿವು ಕಟ್ಟುವವನು ತಾನು ಹೇಳಿದ್ದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕಿಲ್ಲ, ಆದರೆ ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿರಲೇಬೇಕು ಅಂತ. ನನಗೆ ಇದಕ್ಕಿಂತ ದೊಡ್ಡ ನಿಯಮ ಬೇಕಿಲ್ಲ. ಓದುವವರನ್ನು ದಾರಿ ತಪ್ಪಿಸಬಹುದು. ಸುಳ್ಳು ಹೇಳಬಾರದು. ‘ರಾಜನನ್ನು’ ಅಂತ ಬರೆದು ‘ಅರಸು’ ಕೇಳಿದರೆ ಅದು ಸುಳ್ಳು.

ಒತ್ತಕ್ಷರ

ಹಾಗಾದರೆ ‘ಅರಸು’ ಅನ್ನುವ ಪದಕ್ಕೆ ಈ ಥರ ಸುಳಿವು ಕಟ್ಟುವುದಕ್ಕೇ ಆಗುವುದಿಲ್ಲವೇ? ಅದು ದೊಡ್ಡ ನಷ್ಟ.

ಇದಾಗಬಹುದಾ ನೋಡಿ:

ಹುಡುಕು, ರಾಜ! (3)

ಬಾಲಂಗೋಚಿ

ವಾಹ್. ಸಂಬೋಧನೆ! ರಾಜನನ್ನು ಕೂಗಿ ಕರೆದು ಹುಡುಕು ಅಂತಿದ್ದೀರಿ. ಅದರಲ್ಲಿ ಪ್ರತ್ಯಯವೇ ಬೇಕಿಲ್ಲ. ‘ಹುಡುಕು’ ಪೂರ್ತಿ ಒಂದು ಅರ್ಥ, ‘ರಾಜ’ ಪೂರ್ತಿ ಇನ್ನೊಂದು ಅರ್ಥ. ನನ್ನ ತಕರಾರು ವಾಪಸ್.

ಇದನ್ನು ಎಲ್ಲರೂ ನೆನಪಿಡಬೇಕು. ಪ್ರತ್ಯಯ ಕಾಟ ಕೊಟ್ಟಾಗ ಕೂಗಿ ಕರೆಯಿರಿ.

ಮೊದಲಮನೆ

ನನಗೊಂದು ಸಂದೇಹ. ‘ಹೊಳೆ ಹಿಂದಕ್ಕೆ ಹರಿದರೆ’ ಅನ್ನುವಲ್ಲಿ ಹೊಳೆ ಅಂದರೆ ನದಿ ಅಂತ ನಾವೇ ಊಹಿಸಬೇಕಿತ್ತು. ಹಾಗಾದರೆ ಚೆಲ್ಲಾಪಿಲ್ಲಿ ಮಾಡುವ ಸುಳಿವಿನಲ್ಲೂ ಬೇರೆ ಪದ ಊಹಿಸಬೇಕಾಗಬಹುದಾ? ಯೋಚಿಸಿದರೇ ಭಯವಾಗುತ್ತದೆ.

ಅಡ್ಡಸಾಲು

ಭಯ ಬೇಡ. ಅದು ಆಟದ ಹೊರಗೆ. ಎರಡು ಸುಳಿವು ಪಕ್ಕಪಕ್ಕ ಇಡುತ್ತೇನೆ.

ರಮಣ ಗಲಿಬಿಲಿಯಾದರೆ ಸಾವು (3)

ಗಂಡ ಗಲಿಬಿಲಿಯಾದರೆ ಸಾವು (3)

ಎರಡರ ಉತ್ತರವೂ ‘ಮರಣ’. ಮೊದಲನೆಯದರಲ್ಲಿ ರ, ಮ, ಣ ಮೂರೂ ಕಣ್ಣ ಮುಂದೆ ಇವೆ. ಕಲಸಿದರೆ ಸಾಕು. ಎರಡನೆಯದರಲ್ಲಿ ಗಂಡನನ್ನು ಪತಿ ಅಂತೀರೋ, ಯಜಮಾನ ಅಂತೀರೋ, ರಮಣ ಅಂತೀರೋ? ಊಹಿಸಿದ ಮೇಲೆ ಅದನ್ನು ಆರು ರೀತಿಯಲ್ಲಿ ಜೋಡಿಸಿ ನೋಡಬೇಕು. ಹಾಗೆ ಬಿಡಿಸಲು ಸಾಧ್ಯವಿಲ್ಲ. ಉತ್ತರ ಮೊದಲೇ ಗೊತ್ತಿದ್ದವರು ಮಾತ್ರ ಹಿಂದಕ್ಕೆ ಹೋಗಿ ಹೌದು ಅನ್ನಬಹುದು. ಹಾಗಾಗಿ ಎರಡನೆಯದು ತಪ್ಪು ಸುಳಿವು.

ತಿರುಗಿಸುವ ಸುಳಿವು ಬೇರೆ. ಪದ ಊಹಿಸಿದ ಮೇಲೆ ಅದು ತಿರುಗುವುದು ಒಂದೇ ಥರ. ‘ಆನೆ ತಿರುಗಿ ನಿಂತರೆ ಲೋಕ (2)’ ಅಂದರೆ ಗಜ, ತಿರುಗಿಸಿದರೆ ಜಗ. ಆನೆಗೆ ನಾಲ್ಕಾರು ಹೆಸರಿದ್ದರೂ ಪರವಾಗಿಲ್ಲ, ಒಂದೊಂದಾಗಿ ತಿರುಗಿಸಿ ನೋಡಬಹುದು.

ಮೇಲಿನಿಂದ ಕೆಳಕ್ಕೆ ಬರುವ ಪದವಾದರೆ ‘ಆನೆ ಮೇಲೇರಿದರೆ ಲೋಕ’ ಅಂತಲೂ ಬರೆಯಬಹುದು. ಎಡದಿಂದ ಬಲಕ್ಕೆ ಹೋಗುವ ಪದಕ್ಕೆ ಆ ಮಾತು ಸಲ್ಲುವುದಿಲ್ಲ.

ಖಾಲಿಚೌಕ

ನಾನು ಇಂಗ್ಲಿಷ್ ಗೂಢ ಪದಬಂಧದಿಂದ ಬಂದವನು. ಅಲ್ಲಿನ ಅಭ್ಯಾಸ ಇಲ್ಲಿ ಎಷ್ಟು ನಡೆಯುತ್ತದೆ ಅನ್ನುವುದೇ ನನಗೆ ಕುತೂಹಲ.

ಪತ್ರಿಕೆಯಲ್ಲಿ ಮೊದಲ ಪದಬಂಧ ಬಂದದ್ದು 1913ರ ಡಿಸೆಂಬರ್ 21ಕ್ಕೆ, ‘ನ್ಯೂಯಾರ್ಕ್ ವರ್ಲ್ಡ್’ನಲ್ಲಿ. ಆರ್ಥರ್ ವಿನ್ ಮಾಡಿದ್ದು. ಅದು ಮಾಮೂಲಿ ಪದಬಂಧ. ಗೂಢ ಸುಳಿವು ಬೆಳೆದದ್ದು ಬ್ರಿಟನ್‌ನಲ್ಲಿ, 1920ರ ದಶಕದಿಂದ. ‘ಅಬ್ಸರ್ವರ್’ ಪತ್ರಿಕೆಗೆ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ‘ಟಾರ್ಕ್ವೆಮಾಡ’ ಅನ್ನುವ ಹೆಸರಿನಲ್ಲಿ ಕಟ್ಟುತ್ತಿದ್ದರು. 1939ರಲ್ಲಿ ಆ ಜಾಗಕ್ಕೆ ಡಿ. ಎಸ್. ಮ್ಯಾಕ್‌ನಟ್ ಬಂದರು, ‘ಕ್ಸಿಮೆನಿಸ್’ ಅನ್ನುವ ಹೆಸರಿನಲ್ಲಿ. ಇಬ್ಬರೂ ಸ್ಪೇನ್‌ನ ಹಳೆಯ ಧಾರ್ಮಿಕ ವಿಚಾರಣಾಧಿಕಾರಿಗಳ ಹೆಸರು ಇಟ್ಟುಕೊಂಡಿದ್ದರು. 1972ರಲ್ಲಿ ಬಂದ ಜೊನಾಥನ್ ಕ್ರೌದರ್ ತಮ್ಮ ಹೆಸರನ್ನು ‘ಅಜೆಡ್’ ಅಂತ ಇಟ್ಟುಕೊಂಡರು. ಡೆಜಾ ಅನ್ನುವ ಇನ್ನೊಬ್ಬ ವಿಚಾರಣಾಧಿಕಾರಿಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಿಂದಿನಿಂದ ಓದಿದರೆ ಅದೇ ಬರುತ್ತದೆ. ಹೆಸರಲ್ಲೇ ತಿರುಗಿಸುವ ಸುಳಿವು!

ಬಾಲಂಗೋಚಿ ಅವರ ವಾದಕ್ಕೆ ಬಲ ಕೊಡುವುದು ಇವರ ಪರಂಪರೆಯೇ. ಒಳ್ಳೆಯ ಸುಳಿವಿನಲ್ಲಿ ಕರಾರುವಾಕ್ಕಾದ ಅರ್ಥ, ನ್ಯಾಯವಾದ ಪದದಾಟ ಎರಡೇ ಇರಬೇಕು, ಮೂರನೆಯದು ಏನೂ ಇರಬಾರದು ಅಂತ. ‘ಗಾರ್ಡಿಯನ್’ ಪತ್ರಿಕೆಯ ‘ಅರೌಕೇರಿಯ’ ಅವರಂಥವರು ಇಷ್ಟು ಬಿಗಿ ಹಿಡಿಯಲಿಲ್ಲ. ಆದರೂ ಜನ ಅವರನ್ನು ತುಂಬಾ ಪ್ರೀತಿಸಿದರು. ಕನ್ನಡದಲ್ಲಿ ಯಾವ ದಾರಿ ಹಿಡಿಯಬೇಕು ಅಂತ ನಾವೇ ತೀರ್ಮಾನ ಮಾಡಬೇಕು.

ಒತ್ತಕ್ಷರ

ದಾರಿ ಯಾವುದಾದರೂ ಇರಲಿ, ನಮ್ಮ ಲಿಪಿ ಕೊಡುವ ಆಟವನ್ನು ಮಾತ್ರ ಬಿಡಬಾರದು. ಇಂಗ್ಲಿಷ್‌ನಲ್ಲಿ 26 ಅಕ್ಷರ. ನಮ್ಮಲ್ಲಿ ವರ್ಣಮಾಲೆಯೇ 49. ಆದರೆ ಪದಬಂಧದ ಮನೆಯಲ್ಲಿ ಕೂರುವುದು ವರ್ಣ ಅಲ್ಲ, ಕಾಗುಣಿತ. 34 ವ್ಯಂಜನಕ್ಕೂ ಒಂದೊಂದು ಸ್ವರ ಸೇರಿಸುತ್ತಾ ಹೋದರೆ ನೂರಾರು ರೂಪ. ಒತ್ತು, ಸೊನ್ನೆ ಇನ್ನೂ ಸೇರಿಸಿಲ್ಲ. ಅದಕ್ಕೇ ‘ಮಾನವರ, ವರಮಾನ’ದಂಥ ಜೋಡಿ ನಮ್ಮಲ್ಲಿ ಅಪರೂಪ. ಸಿಕ್ಕರೆ ಹಬ್ಬ.

ಆದರೆ ಬೇರೆ ಆಟಗಳಿವೆ. ಇವು ಕನ್ನಡದ್ದೇ:

ಕತೆಗೆ ಒತ್ತು ಕೊಟ್ಟರೆ ಹೊರೆ ಹೊರುವುದು (2)

ಮಗಳ ತಲೆಗೆ ಸೊನ್ನೆ ಸುತ್ತಿದರೆ ಶುಭ (3)

ಕರು ಎಳೆದರೆ ಓಡುವ ಗಾಡಿ (2)

ನಾಲಿಗೆ ಮಡಚದೆ ಪೈರು ಎಂದರೆ ದರ (2)

ಮೊದಲಮನೆ

ಕತೆಗೆ ‘ತ’ ಒತ್ತು ಕೊಟ್ಟರೆ ಕತ್ತೆ! ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿದೆ.

‘ಮಗಳ’ ಅನ್ನುವುದರ ಮೊದಲ ಅಕ್ಷರಕ್ಕೆ ಸೊನ್ನೆ ಇಟ್ಟರೆ ಮಂಗಳ. ಇಲ್ಲೂ ‘ಮಗಳು’ ಅಲ್ಲ, ‘ಮಗಳ’. ಅಚ್ಚಾದ ಹಾಗೇ ಲೆಕ್ಕ. ಲಘುಗುರು ಅವರ ನಿಯಮ ಕೂತಿತು.

ಕರು ಎಳೆದರೆ? ‘ಕ’ವನ್ನು ದೀರ್ಘ ಎಳೆದು ‘ಕಾ’ ಮಾಡಬೇಕು. ಕಾರು!

ಕೊನೆಯದು ಬರಲಿಲ್ಲ.

ಒತ್ತಕ್ಷರ

ಪೈರು ಅಂದರೆ ಬೆಳೆ. ‘ಳ’ ಹೇಳಲು ನಾಲಿಗೆ ಹಿಂದಕ್ಕೆ ಮಡಚಬೇಕು. ಮಡಚದೇ ಹೇಳಿದರೆ ‘ಲ’ ಬರುತ್ತದೆ. ಬೆಳೆ ಬೆಲೆಯಾಗುತ್ತದೆ. ದರ ಅಂದರೆ ಬೆಲೆ.

ಇಂಗ್ಲಿಷ್‌ನಲ್ಲಿ ಬರೆಯುವುದು ಒಂದು, ಉಚ್ಚಾರ ಇನ್ನೊಂದು. ಹಾಗಾಗಿ ‘ಕೇಳಿದರೆ ಒಂದೇ’ ಅನ್ನುವ ಸುಳಿವಿನ ಜಾತಿಯೇ ಅಲ್ಲಿದೆ. ನಾವು ಬರೆದ ಹಾಗೆ ಓದುತ್ತೇವೆ. ಅದನ್ನೇ ತಂದರೆ ಇಲ್ಲಿ ಬೇರು ಹಿಡಿಯುವುದಿಲ್ಲ. ಅದರ ಬದಲು ನಾಲಿಗೆ ತಪ್ಪುವ ಜಾಗಗಳನ್ನು ಹಿಡಿಯಬೇಕು. ಲ-ಳ, ಅಲ್ಪಪ್ರಾಣ-ಮಹಾಪ್ರಾಣ, ಹ್ರಸ್ವ-ದೀರ್ಘ.

ಲಘುಗುರು

ಇದಕ್ಕೆ ಸೇರಿಸುವುದು ಒಂದಿದೆ. ಒಂದೇ ಅಕ್ಷರ ಬೇಕಾದಾಗ ಇಂಗ್ಲಿಷ್‌ನವರು ಸಂಕ್ಷೇಪಗಳನ್ನು ತರುತ್ತಾರೆ. ನಮಗೆ ಸಂಕ್ಷೇಪ ಕಡಿಮೆ. ಆದರೆ ಛಂದಸ್ಸು ಇದೆ, ಸಂಗೀತ ಇದೆ. ‘ಯಮಾತಾರಾಜಭಾನಸಲಗಂ’ ಸೂತ್ರದ ಕೊನೆಯಲ್ಲಿ ಲಘುವಿಗೆ ‘ಲ’, ಗುರುವಿಗೆ ‘ಗ’. ಸ್ವರಗಳಲ್ಲಿ ಷಡ್ಜ ಅಂದರೆ ‘ಸ’, ಪಂಚಮ ಅಂದರೆ ‘ಪ’, ನಿಷಾದ ಅಂದರೆ ‘ನಿ’.

ಇದನ್ನಿಟ್ಟುಕೊಂಡು ಕಟ್ಟಿದ್ದು:

ಗುರುವನ್ನು ಎದೆಯಲ್ಲಿಟ್ಟುಕೊಂಡ ಮನುಷ್ಯನೇ ಪಟ್ಟಣ (3)

ಮನುಷ್ಯ ಅಂದರೆ ನರ. ಅವನ ಎದೆಯಲ್ಲಿ ಗುರು, ಅಂದರೆ ‘ಗ’. ನ-ಗ-ರ. ನಗರ.

ಖಾಲಿಚೌಕ

ಇದು ನನಗೆ ಇಡೀ ಚರ್ಚೆಯಲ್ಲೇ ಇಷ್ಟವಾದ ಸುಳಿವು. ಮೇಲಿನ ವಾಕ್ಯ ಯಾವುದೋ ವಚನದ ಸಾಲಿನ ಹಾಗೆ ಕೇಳುತ್ತದೆ. ಒಳಗೆ ಬರೀ ಮೂರು ಅಕ್ಷರದ ಯಂತ್ರ.

ಹಾಗೇ ಕಟಪಯಾದಿಯನ್ನೂ, ಅಂದರೆ ಅಕ್ಷರಕ್ಕೆ ಅಂಕಿ ಕೊಡುವ ಹಳೆಯ ಪದ್ಧತಿಯನ್ನೂ, ತರಬಹುದಾ? ಧೀರಶಂಕರಾಭರಣ ರಾಗದ ‘ಧೀ’ 9, ‘ರ’ 2, ತಿರುಗಿಸಿದರೆ 29ನೇ ಮೇಳಕರ್ತ ರಾಗ. ಅದೇ ಒಂದು ಗೂಢ ಸುಳಿವು.

ಅಡ್ಡಸಾಲು

ಅದು ಬೇಡ ಅಂತ ನನ್ನ ಅಭಿಪ್ರಾಯ. ಗುರು-ಲಘು ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ಸ್ವರಗಳ ಹೆಸರು ಕಿವಿಗೆ ಬಿದ್ದಿರುತ್ತದೆ. ಕಟಪಯಾದಿ ಗೊತ್ತಿರುವವರು ಕಡಿಮೆ. ಅದರಲ್ಲೂ ಒಂದು ಅಂಕಿಗೆ ಹಲವು ಅಕ್ಷರ. ಬಿಡಿಸುವವರ ಕೈಗೆ ದಾರ ಸಿಗಬೇಕು, ಸಿಕ್ಕು ಅಲ್ಲ.

ಬಾಲಂಗೋಚಿ

ನನಗೆ ಇನ್ನೊಂದು ಕಡೆ ಕಸಿವಿಸಿ ಇದೆ. ಸಂಧಿ. ಈ ಸುಳಿವು ನ್ಯಾಯವಾ ಹೇಳಿ:

ಬಂಡೆ ಮಾರುವ ಮಳಿಗೆಯಲ್ಲಿ ಹಣ್ಣು (4)

ಉತ್ತರ ‘ಕಲ್ಲಂಗಡಿ’. ಕಲ್ಲು, ಅಂಗಡಿ. ಆದರೆ ಕಲ್ಲು ಎರಡು ಮನೆ, ಅಂಗಡಿ ಮೂರು ಮನೆ. ಕೂಡಿಸಿದರೆ ಐದಾಗಬೇಕು. ನಾಲ್ಕೇ ಆಗಿದೆ. ‘ಲ್ಲು’ ಮತ್ತು ‘ಅಂ’ ಕರಗಿ ‘ಲ್ಲಂ’ ಆಗಿವೆ. ಒಂದೊಂದು ಅಕ್ಷರಕ್ಕೂ ಲೆಕ್ಕ ಕೊಡಬೇಕು ಅಂತೀವಿ. ಇಲ್ಲಿ ‘ಉ’ ಎಲ್ಲಿ ಹೋಯಿತು?

ಲಘುಗುರು

ಲೋಪಸಂಧಿಗೆ ಹೋಯಿತು. ಊರು ಎಲ್ಲ ಸೇರಿ ಊರೆಲ್ಲ ಆದ ಹಾಗೆ. ಕನ್ನಡ ಓದುವವರು ಬಾಯಲ್ಲಿ ದಿನಾ ಮಾಡುವ ಕೆಲಸ ಅದು. ನಾಲ್ಕು ಅಂತ ಸಂಖ್ಯೆ ಕೊಟ್ಟಿರುವುದರಿಂದ ಸಂಧಿ ಆಗಿದೆ ಅಂತ ಹೇಳಿದ ಹಾಗೇ ಆಯಿತು. ನಾನು ಒಪ್ಪುತ್ತೇನೆ.

ನನಗೆ ಬೇಡವಾದದ್ದು ಬೇರೆ. ‘ದೇವರ ಮನೆ (4)’ ಅಂತ ಸುಳಿವು ಕೊಟ್ಟು ‘ದೇವಾಲಯ’ ಕೇಳುವುದು. ದೇವ, ಆಲಯ. ಅದು ಸವರ್ಣದೀರ್ಘ ಸಂಧಿ, ಸರಿ. ಆದರೆ ಆ ಪದ ಹುಟ್ಟಿದ್ದೇ ಹಾಗೆ. ಹುಟ್ಟಿದ ಹಾಗೇ ಒಡೆದರೆ ಅದು ನಿಘಂಟಿನ ಕೆಲಸ, ಸುಳಿವಿನ ಕೆಲಸ ಅಲ್ಲ. ಪದ ಎಂದೂ ಒಡೆಯದ ಕಡೆ ಒಡೆಯಬೇಕು. ಅದೇ ಪದವನ್ನು ದೇವಾ, ಲಯ ಅಂತ ಒಡೆದು ನೋಡಿ:

‘ಪರಮಾತ್ಮಾ!’ ಅಂತ ಕೂಗಿದಾಗ ನಾಶವೇ ಗುಡಿ (4)

ಕೂಗಿದ್ದು ‘ದೇವಾ’. ನಾಶ ಅಂದರೆ ‘ಲಯ’. ಆಲಯ ಪೂರ್ತಿ ಮಾಯ. ಕಲ್ಲಂಗಡಿಯಲ್ಲಿ ಚೆಂದ ಇರುವುದೂ ಅದಕ್ಕೇ. ಆ ಹಣ್ಣಿನಲ್ಲಿ ಅಂಗಡಿ ಕಂಡಿದ್ದು ಸುಳಿವು ಕಟ್ಟಿದವರಿಗೆ.

ಬಾಲಂಗೋಚಿ

ಸರಿ. ಕಲ್ಲಂಗಡಿ ಒಪ್ಪಿದೆ. ನಾಶ ಸ್ವಲ್ಪ ಎಳೆದು ತಂದ ಹಾಗಿದೆ, ಆದರೂ ಒಡೆದ ಜಾಗ ಚೆನ್ನಾಗಿದೆ.

ಖಾಲಿಚೌಕ

ಒಡೆಯುವ ಮಾತು ಬಂದದ್ದಕ್ಕೆ ನಾನು ಕಟ್ಟಿದ ಒಂದು ಹಾಕುತ್ತೇನೆ. ಕಟುವಾಗಿ ನೋಡಿ ಹೇಳಿ.

ಎಲ್ಲೆ ಯಾವ ಜನರ? ಕಾಲ ಹೇಳುವುದು! (4)

ಅಡ್ಡಸಾಲು

ಎಲ್ಲೆ ಅಂದರೆ ಗಡಿ. ಯಾವ ಜನರ ಅಂದರೆ ಯಾರ. ಗಡಿ-ಯಾರ. ಗಡಿಯಾರ! ಅರ್ಥ ‘ಕಾಲ ಹೇಳುವುದು’.

ಇದರಲ್ಲಿ ಜಾಣತನ ಇರುವುದು ‘ಹೇಳುವುದು’ ಅನ್ನುವುದರಲ್ಲಿ. ಮೇಲಿನ ವಾಕ್ಯದಲ್ಲಿ ಅದು ಕ್ರಿಯಾಪದ, ಕಾಲವೇ ಮುಂದೆ ಉತ್ತರ ಹೇಳುತ್ತದೆ ಅಂತ. ಅರ್ಥದಲ್ಲಿ ಅದು ನಾಮಪದ, ಕಾಲವನ್ನು ಹೇಳುವ ವಸ್ತು ಅಂತ. ‘ಹೇಳುತ್ತದೆ’ ಅಂತ ಬರೆದಿದ್ದರೆ ಬಿದ್ದುಹೋಗುತ್ತಿತ್ತು.

ಬಾಲಂಗೋಚಿ

‘ಎಲ್ಲೆ ಯಾವ ಜನರ?’ ಅನ್ನುವುದು ಮಾತಿನಲ್ಲಿ ಬರುವುದಿಲ್ಲ. ‘ಯಾವ ಜನರದು?’ ಅಂತೀವಿ. ‘ದು’ ಸೇರಿಸಿದರೆ ಉತ್ತರ ‘ಗಡಿಯಾರದು’ ಆಗಿಬಿಡುತ್ತದೆ. ಪ್ರತ್ಯಯದ ಪೆಟ್ಟು ಇಲ್ಲೂ ಬಿದ್ದಿದೆ. ಅಕ್ಷರದ ಲೆಕ್ಕ ಸರಿ ಇದೆ, ವಾಕ್ಯ ಕುಂಟುತ್ತಿದೆ.

ಖಾಲಿಚೌಕ

ನೀವು ಹೇಳಿದ್ದು ನಿಜ. ಬೇರೆ ಥರ ಯೋಚಿಸುತ್ತೇನೆ. ‘ಯಾರ’ ಮುಂದೆ ಇನ್ನೊಂದು ನಾಮಪದ ಬಂದರೆ ವಾಕ್ಯ ನೆಟ್ಟಗಾಗಬಹುದು.

ಮೊದಲಮನೆ

ನಿನ್ನೆ ಒಂದು ಪೂರ್ತಿ ಪದಬಂಧಕ್ಕೆ ಕೂತೆ. ಅರ್ಧಕ್ಕೆ ನಿಂತಿದೆ. ಹೀಗೆ ಸಿಕ್ಕಿಕೊಂಡಾಗ ನೀವೆಲ್ಲ ಏನು ಮಾಡುತ್ತೀರಿ?

ಅಡ್ಡಸಾಲು

ಮೊದಲು ಅಡಗಿದ ಪದದ ಸುಳಿವುಗಳನ್ನು ಹೆಕ್ಕಿ. ಅವು ಪುಟದ ಮೇಲೇ ಇರುತ್ತವೆ, ಕಣ್ಣು ಹಾಯಿಸಿದರೆ ಸಾಕು. ಆಮೇಲೆ ಎರಡು ಮೂರು ಪದದ ಚಿಕ್ಕ ಸುಳಿವುಗಳು. ಅಷ್ಟಕ್ಕೆ ನಾಲ್ಕಾರು ಅಡ್ಡ ಅಕ್ಷರ ಸಿಗುತ್ತವೆ. ಕನ್ನಡದಲ್ಲಿ ಒಂದು ಅಡ್ಡ ಅಕ್ಷರ ಸಿಕ್ಕರೆ ದೊಡ್ಡ ಲಾಭ. ವ್ಯಂಜನ, ಸ್ವರ ಎರಡೂ ಒಟ್ಟಿಗೆ ಸಿಕ್ಕಿದ ಹಾಗೆ. ‘ಮ’ ಅಲ್ಲ, ‘ಮಾ’ ಅಂತಲೇ ಗೊತ್ತಾಗುತ್ತದೆ.

ಸುಳಿವನ್ನು ವಾಕ್ಯದ ಹಾಗೆ ಓದುವುದನ್ನೂ ನಿಲ್ಲಿಸಿ. ನಾನು ಒಂದೊಂದು ಪದವನ್ನು ಒಂದೊಂದು ಸಾಲಿನಲ್ಲಿ ಬರೆದುಕೊಳ್ಳುತ್ತೇನೆ. ಪರದೆ ತಾನೇ ಹರಿಯುತ್ತದೆ.

ಒತ್ತಕ್ಷರ

ಮನೆಗಳನ್ನು ಎಣಿಸುವಾಗ ಎಚ್ಚರ. ಒತ್ತಕ್ಷರ ಇದ್ದರೂ ಒಂದೇ ಮನೆ, ಸೊನ್ನೆ ಇದ್ದರೂ ಒಂದೇ ಮನೆ. ‘ತಲೆ ತಪ್ಪಿದ ಪ್ರಯಾಣವೇ ಮನೆಯಲ್ಲಿರುವುದು (2)’ ಅಂತ ಒಂದಿತ್ತು. ಪ್ರಯಾಣ ಅಂದರೆ ಪ್ರವಾಸ. ತಲೆ ಅಂದರೆ ‘ಪ್ರ’ ಪೂರ್ತಿ, ಬರೀ ‘ಪ’ ಅಲ್ಲ. ಉಳಿದದ್ದು ವಾಸ. ಬಹಳ ಜನ ‘ರವಾಸ’ ಅಂತ ಬರೆದುಕೊಂಡು ಒದ್ದಾಡಿದ್ದರು.

ಅದೂ ಅಲ್ಲದೆ, ಬಿಟ್ಟು ಎದ್ದು ಹೋಗಿ. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ಬೇರೆ ಪದ ಬೇರೆ ಥರ ಕಾಣುತ್ತದೆ. ಇದು ನಿಜವಾಗಿ ಕೆಲಸ ಮಾಡುತ್ತದೆ.

ಲಘುಗುರು

ಮೊದಲಮನೆ ಅವರಿಗೆ ಒಂದು ಕೊನೆಯ ಸುಳಿವು ಕೊಡುತ್ತೇನೆ. ಬೇರೆಯವರು ದಯವಿಟ್ಟು ಒಂದು ದಿನ ಸುಮ್ಮನಿರಿ.

ಸಾಗರದೊಳಗಿಂದ ಎದ್ದು ಬಂದದ್ದು! (2)

ಮೊದಲಮನೆ

ಮೊದಲು ಅಮೃತ ಅಂದುಕೊಂಡೆ. ಅದು ಮೂರು ಮನೆ. ಲಕ್ಷ್ಮಿ ಎರಡು ಮನೆ, ಆದರೆ ‘ಬಂದದ್ದು’ ಅಂತ ಇದೆ, ‘ಬಂದವಳು’ ಅಂತಿಲ್ಲ. ನೀವೆಲ್ಲ ಹೇಳಿದ ಹಾಗೆ ಅರ್ಥವನ್ನು ಶುರುವಿನಲ್ಲೂ ಹುಡುಕಿದೆ, ಕೊನೆಯಲ್ಲೂ ಹುಡುಕಿದೆ. ಎರಡೂ ಕಡೆ ಸಿಗಲಿಲ್ಲ. ಎದ್ದು ಹೋದೆ.

ರಾತ್ರಿ ಹೊಳೆಯಿತು. ‘ಸಾಗರ’ ಅನ್ನುವ ಪದದ ಒಳಗಿಂದಲೇ ಎದ್ದು ಬಂದಿದೆ. ಸಾ-ಗರ. ಗರ! ಗರ ಅಂದರೆ ವಿಷ. ‘ಒಳಗಿಂದ’ ಅನ್ನುವುದು ಅಪ್ಪಣೆ.

ಆಮೇಲೆ ಅರ್ಥ ಎಲ್ಲಿದೆ ಅಂತ ಹುಡುಕುತ್ತಾ ಮೈ ಜುಮ್ಮೆಂದಿತು. ಸಮುದ್ರ ಕಡೆದಾಗ ವಿಷ ಬಂತಲ್ಲ, ಸಾಗರದ ಒಳಗಿಂದಲೇ! ಇಡೀ ಸುಳಿವೇ ಅರ್ಥ. ಇಡೀ ಸುಳಿವೇ ಆಟ. ಬೇರೆ ಮಾಡಲು ಗೆರೆಯೇ ಇಲ್ಲ. ಹೀಗೂ ಕಟ್ಟಬಹುದಾ?

ಲಘುಗುರು

ಕಟ್ಟಬಹುದು, ಬಹಳ ಅಪರೂಪಕ್ಕೆ. ಈ ಜಾತಿಗೆ ಗುರುತಾಗಿ ಕೊನೆಯಲ್ಲಿ ಆಶ್ಚರ್ಯ ಚಿಹ್ನೆ ಇಡುವುದು ವಾಡಿಕೆ. ನೀವು ಲಕ್ಷ್ಮಿಯನ್ನು ‘ಬಂದದ್ದು’ ನೋಡಿ ಬಿಟ್ಟಿರಿ ಅಂದಿರಲ್ಲ, ಅದು ನನಗೆ ಉತ್ತರಕ್ಕಿಂತ ಜಾಸ್ತಿ ಖುಷಿ ಕೊಟ್ಟಿತು.

ಮೊದಲಮನೆ

ಧೈರ್ಯ ಮಾಡಿ ನಾನೂ ಒಂದು ಕಟ್ಟಿದ್ದೇನೆ. ಬಾಲಂಗೋಚಿ ಅವರು ನೋಡಬೇಕು ಅಂತ ಆಸೆ.

ಮಳಿಗೆಯ ತಲೆ ಹಾರಿದರೆ ಎಲ್ಲೆ (2)

ಬಾಲಂಗೋಚಿ

ಮಳಿಗೆ ಅಂದರೆ ಅಂಗಡಿ. ತಲೆ ‘ಅಂ’, ಸೊನ್ನೆ ಸಮೇತ ಹಾರಿತು. ಉಳಿದದ್ದು ಗಡಿ. ಎಲ್ಲೆ ಅಂದರೆ ಗಡಿ. ‘ಮಳಿಗೆಯ’ ಅನ್ನುವುದರ ‘ಯ’ ತಲೆ ಯಾರದು ಅಂತ ಹೇಳಿ ಕರಗಿತು. ‘ಎಲ್ಲೆ’ಗೆ ಪ್ರತ್ಯಯ ಇಲ್ಲ. ಎಲ್ಲ ಅಕ್ಷರಕ್ಕೂ ಲೆಕ್ಕ ಸಿಕ್ಕಿತು. ಇನ್ನೊಂದು ಕಟ್ಟಿ.